ಅಕ್ಕನಿಗೆ ಹೇಳಬೇಕಾದ ಮಾತು

ಹಲ್ಲಿನ ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತಿದ್ದ ದರ್ಜಿಗೆ ಕೆನ್ನೆ ಊದಿ ಬಾಯಿಗೆ ಬೀಗ ಬಿದ್ದಿತ್ತು. ಕೆಲಸವಿದ್ದದ್ದು ಕಿವಿಗೆ ಮಾತ್ರ. ಪಕ್ಕದಲ್ಲಿ ಒಬ್ಬ ಅತ್ತೆ, ಅವಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಸೊಸೆ.

“ಸಾಯಂಕಾಲ ನಿಮ್ಮಕ್ಕ ಬಂದಾಗ ‘ಸಾರಿ’ ಅಂದ್ಬಿಡಿ ಅತ್ತೆ.”

“ಹಾಗಂದ್ರೆ ತಪ್ಪಾಯ್ತು ಅಂತಲ್ವಾ?”

“ಹೂಂ.”

“ಹಾಗಾದ್ರೆ ಬೇಡ. ಅವಳ ಹೊಸ ಬಟ್ಟೆ ಕಿಟಕಿ ಪರದೆ ಥರ ಇದೆ ಅಂದೆ. ಹಾಗೇ ಇತ್ತು. ನನ್ನ ತಪ್ಪೇನು?”

“ನಾಲ್ಕು ಜನರ ಮುಂದೆ ಅಂದ್ರಿ.”

“ನಾಲ್ಕು ಜನಕ್ಕೂ ಕಾಣ್ತಿತ್ತಲ್ಲ!”

ದರ್ಜಿ ನಗಲು ಹೋಗಿ ಕೆನ್ನೆ ಹಿಡಿದುಕೊಂಡ.

“ಅದಕ್ಕೆ ಅಷ್ಟೆಲ್ಲ ಅರ್ಥ ಇಲ್ಲ ಅತ್ತೆ. ಬಸ್ಸಲ್ಲಿ ಭುಜ ತಾಗಿದ್ರೂ ಸಾರಿ, ರಾಂಗ್ ನಂಬರ್ ಆದ್ರೂ ಸಾರಿ.”

“ತಪ್ಪು ಒಪ್ಪಿಕೊಂಡ ಹಾಗೆ ಆಗಲ್ಲ ತಾನೇ?”

“ಆಗಲ್ಲ.”

“ಸರಿ, ಅಂತೀನಿ. ಮೊದಲು ಅವಳು ಅನ್ಲಿ.”

ಒಳಗಿಂದ ಕರೆ ಬಂತು. ಅತ್ತೆ ಎದ್ದ ರಭಸಕ್ಕೆ ದರ್ಜಿಯ ಕಾಲು ತುಳಿದಳು.

“ಅಯ್ಯೋ, ತಪ್ಪಾಯ್ತಪ್ಪಾ! ನೋವಾಯ್ತಾ?”

“ಎಷ್ಟು ಸಲೀಸಾಗಿ ಬಂತು ನೋಡಿ ಅತ್ತೆ!” ಎಂದಳು ಸೊಸೆ.

“ಬರದೇ ಏನು? ಇವರೇನು ನಮ್ಮಕ್ಕನಾ?” ಎನ್ನುತ್ತಾ ಅತ್ತೆ ಒಳಗೆ ನಡೆದಳು.