ಅಮಾವಾಸ್ಯೆಯ ಬೀಗದ ಕೈ

ಬಾಗಿಲು ಸ್ವಲ್ಪ ಮುಂದೆ ಮಾಡು. ಇದು ನಿನ್ನ ಹೊಟ್ಟೆಯಲ್ಲೇ ಇರಬೇಕು… ನಿನ್ನ ಗಂಡನಿಗೂ ಬೇಡ. ಅವನ ಬಾಯಿ ಕುಶಾಲನಗರದ ಬಸ್ ಸ್ಟ್ಯಾಂಡ್ ಇದ್ದ ಹಾಗೆ.

ನಮ್ಮ ಪಕ್ಕದ ಮನೆ ನಾಗಾರ್ಜುನ ಗೊತ್ತಲ್ಲ, ತನ್ನ ಸೋದರಮಾವ ಪರಮೇಶಪ್ಪನ ಕಂಪನಿಯಲ್ಲಿ ಲೆಕ್ಕ ಬರೆಯುವವನು. ಅವನ ತಾಯಿ ಸುಮಿತ್ರಮ್ಮ ನನಗೆ ಆಣೆ ಹಾಕಿಸಿ ಹೇಳಿದ್ದು.

ಪರಮೇಶಪ್ಪನ ದೊಡ್ಡ ಕಂಪನಿಯ ಕೈಕೆಳಗೆ ಎರಡು ಮರಿ ಕಂಪನಿ. ಒಂದು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್, ಇನ್ನೊಂದು ಮೆಣಸಿನ ವ್ಯಾಪಾರ. ಈ ವರ್ಷ ಎರಡನ್ನೂ ಮಂಗಳೂರಿನವರ ಜೊತೆ ಕಟ್ಟಿದ ಜಂಟಿ ಕಂಪನಿಗೆ ಒಪ್ಪಿಸಿದ. ಅರ್ಧ ಅವರದು, ಅರ್ಧ ಇವನದು. ಒಪ್ಪಿಸಿದ ಮೇಲೆ ಅವುಗಳ ಮೆಷಿನ್ನು, ಮೂಟೆ, ಸಾಲ ಯಾವುದೂ ಇವನ ಲೆಕ್ಕದ ಪುಸ್ತಕದಲ್ಲಿ ಇರಬಾರದಂತೆ. ಎಲ್ಲ ತೆಗೆದುಹಾಕಿ, 'ಜಂಟಿಯಲ್ಲಿ ನಮ್ಮ ಪಾಲು ಇಷ್ಟು' ಅಂತ ಒಂದೇ ಕಡೆ ಬರೀಬೇಕಂತೆ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಇದು ಮಾತ್ರ ಅರ್ಥವಾಗುತ್ತೆ. ಮದುವೆ ಮಾಡಿಕೊಟ್ಟ ಮಗಳ ಸೀರೆ ತವರಿನ ಬೀರುವಿನಲ್ಲಿ ಎಣಿಸ್ತಾರಾ?

ಕಾಗದದಲ್ಲಿ ಒಪ್ಪಿಸುವ ದಿನ ಮಾರ್ಚ್ ಹದಿನೆಂಟು. ಅವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ಬೀಗದ ಕೈ ಹೊರಗಿನವರಿಗೆ ಕೊಟ್ಟರೆ ಲಕ್ಷ್ಮಿ ಹೋಗ್ತಾಳೆ ಅಂತ ಪರಮೇಶಪ್ಪ ಸೊಂಟದಲ್ಲೇ ಇಟ್ಟುಕೊಂಡ. ಸಹಿ ಹಾಕೋದಕ್ಕೆ ಮಾತ್ರ ಅಮಾವಾಸ್ಯೆ ಅಡ್ಡ ಬರಲಿಲ್ಲ ನೋಡು. ಮಾರನೇ ದಿನ ಯುಗಾದಿ, ಹೂವು ಹಣ್ಣಿನ ಜೊತೆ ಕೊಟ್ಟ.

ಆ ನಡುವಿನ ರಾತ್ರಿ… ಕ್ಯೂರಿಂಗಿನ ಗೋಡೌನಿನಲ್ಲಿ ಮೂಟೆಯ ಅಟ್ಟಿ ಕುಸಿದು ಕಾವಲಿನ ನಿಂಗ ಸತ್ತ. ಕಾವಲುಗಾರನನ್ನು ಒಳಗೆ ಬಿಟ್ಟು ಹೊರಗಿಂದ ಬೀಗ ಜಡಿಯುವುದು ಪರಮೇಶಪ್ಪನ ಪದ್ಧತಿ. ಕೂಗಿದ್ದರೂ ಯಾರು ತೆಗೀಬೇಕು?

ಒಪ್ಪಿಸುವ ತನಕ ಆದದ್ದಕ್ಕೆ ಪರಿಹಾರ ಪರಮೇಶಪ್ಪ ಕೊಡಬೇಕು, ಆಮೇಲಿನದು ಜಂಟಿ ಕಂಪನಿ. "ಕಾಗದ ನೋಡಿ, ಹದಿನೆಂಟಕ್ಕೇ ಕೈಬಿಟ್ಟಿದ್ದೀನಿ" ಅಂತ ಇವನು. "ಬೀಗದ ಕೈ ನಮಗೆ ಸಿಕ್ಕಿದ್ದು ಹತ್ತೊಂಬತ್ತಕ್ಕೆ" ಅಂತ ಮಂಗಳೂರಿನವರು. ನಿಂಗನ ಹೆಂಡತಿ ಹುಚ್ಚಮ್ಮ ಎರಡು ಆಫೀಸಿನ ಮೆಟ್ಟಿಲೂ ಸವೆಸಿದಳು. ಅವಳ ಗಂಡ ಯಾರ ಪುಸ್ತಕದಲ್ಲೂ ಇಲ್ಲ.

ಕೈ ಬದಲಾದ ದಿನ ಯಾವುದು ಅಂತ ಬರೆಯಬೇಕಾದವನು ನಾಗಾರ್ಜುನ. "ಹದಿನೆಂಟು ಅಂತ ಬರಿ. ಯಾರ ಮನೆ ಉಪ್ಪು ತಿಂತಿದೀಯ, ನೆನಪಿರಲಿ" ಅಂದ ಮಾವ. ಬರೆದ.

ಬರೆದು ಹೊರಟಾಗ ರಾತ್ರಿ ಹನ್ನೊಂದೂವರೆ. ಗೋಡೌನಿನ ಬಾವಿ ಪಕ್ಕದ್ದೇ ದಾರಿ. ಒಂದು ನಾಯಿ ಸಹ ಇಲ್ಲ… ಗೋಡೌನಿನ ಒಳಗೆ ಹರಿದ ಮೂಟೆಯಿಂದ ಕಾಫಿ ಬೀಜ ಸುರಿಯುವ ಸದ್ದು. ಸರ್ರ್… ಸರ್ರ್… ನಿಂತಿತು. ಆಮೇಲೆ ತಗಡಿನ ಬಾಗಿಲಿಗೆ ಒಳಗಿಂದ ಬೆರಳ ಗೆಣ್ಣು. ಟಕ್. ಟಕ್.

"ಬುದ್ದಿ…"

ಇವನು ಬಾಗಿಲ ಕಡೆ ತಿರುಗಿದ. "ಯಾರು?"

"ನಿಂಗ. ಬೀಗದ ಕೈ ಯಾರ ತಾವ ಐತೆ?"

"ನನ್ನ ಹತ್ರ ಇಲ್ಲ ಕಣೋ."

"ಅವತ್ತು ಯಾರ ತಾವ ಇತ್ತು ಬುದ್ದಿ?"

ಬಾವಿಯ ರಾಟೆ ತಾನಾಗೇ ಒಂದು ಸುತ್ತು ಸುತ್ತಿತು. ಕೀಂಯ್…

"ಮಾವನ ಹತ್ರ" ಅಂದ, ಉಸಿರಿನಲ್ಲೇ.

"ಹಂಗೇ ಬರ್ಕಳಿ ಮತ್ತೆ."

ಬೆಳಿಗ್ಗೆ ಹೋದವನೇ ಹತ್ತೊಂಬತ್ತು ಅಂತ ತಿದ್ದಿದ. ಬೀಗದ ಕೈ ಯಾರ ಹತ್ತಿರವೋ ಅಧಿಕಾರವೂ ಅವರದೇ, ಇದೇ ಸರಿ ಅಂದರಂತೆ ಆಡಿಟರು. ಪರಮೇಶಪ್ಪ ಹಲ್ಲು ಕಡಿದುಕೊಂಡು ಹುಚ್ಚಮ್ಮನಿಗೆ ಹಣ ಕಟ್ಟಿದ. ಅದೇ ಸಂಜೆ ಅಳಿಯನನ್ನು ಕೆಲಸದಿಂದ ತೆಗೆದ.

ನಂಬು, ಬಿಡು. ನಾನು ಕಟ್ಟಿ ಹೇಳೋಳಲ್ಲ. ನಿನ್ನೆ ನಾಗಾರ್ಜುನನ ಹೆಂಡತಿ ಶರ್ಮಿಳಾ ಬಟ್ಟೆ ಒಣಗಿಸುತ್ತಿದ್ದಳು. ಬೇಲಿ ಹತ್ತಿರ ಹೋಗಿ ಕೇಳೇಬಿಟ್ಟೆ, "ಹೌದೇನೇ, ನಿನ್ನ ಗಂಡ ಆ ರಾತ್ರಿ ಗೋಡೌನಿನಿಂದ ಹೆದರಿ ಓಡಿ ಬಂದನಂತೆ?"

ಸೀರೆ ಹಿಂಡುತ್ತಲೇ ನನ್ನ ಮುಖಕ್ಕೇ ಹೇಳಿದಳು.

"ಓಡಿ ಬರಲಿಲ್ಲ ದೊಡ್ಡಮ್ಮ, ನಡ್ಕೊಂಡೇ ಬಂದ್ರು. ಇಬ್ಬರೂ. ಎರಡು ಲೋಟ ಕಾಫಿ ಇಟ್ಟೆ. ಎರಡೂ ಖಾಲಿಯಾಗಿತ್ತು."