ಮೇಲಿನ ಮಹಡಿಯ ಮಳಿಗೆ

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಸೊಪ್ಪು ಮಾರುವಾಕೆ, ಇನ್ನೊಬ್ಬಳು ಹೂ ಮಾರುವಾಕೆ.

“ಇಪ್ಪತ್ತು ವರ್ಷ ಬಿಸಿಲಲ್ಲಿ ಪಕ್ಕಪಕ್ಕ ಕೂತ್ವಿ ಅಕ್ಕಾ. ಸಂಘ ಕಟ್ಟಿ, ಹೋರಾಡಿ ಸೂರು ತಂದ್ಕೊಂಡ್ವಿ. ಮಳಿಗೆ ಹಂಚೋಕೆ ಚೀಟಿ ಎತ್ತಿದ್ರೆ ನಾನು ಕೆಳಗೆ, ನೀನು ಮಹಡಿ ಮೇಲೆ!” ಎಂದಳು ಹೂವಿನಾಕೆ.

“ಬಾಯಾರಿದ್ರೆ ಈಗ್ಲೂ ನನ್ನ ಕೈ ನಿನ್ನ ಚೊಂಬು ಹುಡುಕುತ್ತೆ ಕಣೆ.”

“ಸಂಘದ ಅಧ್ಯಕ್ಷೆ ನೀನೇ. ಒಂದು ಮಾತು ಹೇಳಿ ಜಾಗ ಬದಲಾಯಿಸ್ಕೋಬಾರ್ದಾ?”

“ನನಗೇ ಅಂತ ಕೇಳಿದ್ರೆ, ನಾಳೆ ಉಳಿದೋರ ಮುಂದೆ ಹೇಗೆ ತಲೆ ಎತ್ಲಿ?”

“ಹಾಗಾದ್ರೆ ಸಭೇಲಿ ನಾನೇ ಎದ್ದು ಕೇಳ್ತೀನಿ.”

“ಸಭೇಲಿ ಒಂದಿನಾನೂ ಬಾಯಿ ಬಿಟ್ಟೋಳಲ್ಲ ನೀನು!”

“ಇದಕ್ಕಾದ್ರೆ ಬಿಡ್ತೀನಿ.”

ಬಸ್ಸು ಬಂತು. ಒಂದೇ ಸೀಟು ಖಾಲಿಯಿತ್ತು. ಇಬ್ಬರೂ ಒತ್ತಿಕೊಂಡು ಅದರಲ್ಲೇ ಕೂತರು.