ಬಾಯಿಬಿಟ್ಟು ಓದಿದ ತಪ್ಪಿಗೆ

ಇರುವೆ ಸೀನಿದರೂ ಕೇಳಿಸುವಂಥ ಕಿವಿ ನಮ್ಮ ದರ್ಜಿಯದು. ಬಸ್ಸಿಗೆ ನಿಂತ ಸಾಲು ಭೂಮಿಗೆ ಎರಡು ಸುತ್ತು ಬರುವಷ್ಟಿತ್ತು. ಅವನ ಮುಂದೆಯೇ ಇಬ್ಬರು ಟೀಚರಮ್ಮಂದಿರು. ಒಬ್ಬರಿಗೆ ತಲೆ ನರೆತಿತ್ತು, ಇನ್ನೊಬ್ಬಳು ಎಳೆಯವಳು.

“ಟೀಚರ್ ತರಬೇತಿ ಕೋರ್ಸಿನ ಆನ್‌ಲೈನ್ ಪರೀಕ್ಷೆ ಏನಾಯ್ತು ಮೇಡಂ?”

“ಫೇಲ್ ಕಣೇ. ನಕಲು ಹೊಡೆದೆನಂತೆ.”

“ಅಯ್ಯೋ, ನೀವಾ?”

“ಮೂವತ್ತು ವರ್ಷದ ಚಾಳಿ, ಪ್ರಶ್ನೇನ ಜೋರಾಗಿ ಓದ್ಕೊಂಡೆ. ಪಕ್ಕದಲ್ಲಿ ಯಾರೋ ಹೇಳಿಕೊಡ್ತಿದಾರೆ ಅಂತ ಕಾವಲಿಗೆ ಕಿವಿಗೊಟ್ಟು ಕೂತಿದ್ದ ಆ ಕಂಪ್ಯೂಟರ್ ತೀರ್ಮಾನ ಮಾಡ್ಬಿಡ್ತು.”

“ನಿಧಾನಕ್ಕೆ ಮತ್ತೆ ಬರೀಬಹುದಲ್ಲ? ಕೋರ್ಸನ್ನ ನಮ್ಮ ನಮ್ಮ ವೇಗಕ್ಕೆ ಮುಗಿಸಬಹುದು ಅಂತಾರೆ.”

“ಕೋರ್ಸು ಕಾಯುತ್ತೆ, ಹೆಡ್ಮಾಸ್ಟರ್ ಕಾಯ್ತಾರಾ? ಸರ್ಟಿಫಿಕೇಟ್ ಇಲ್ಲದೆ ಸೋಮವಾರದಿಂದ ಕ್ಲಾಸಿಗೆ ಕಾಲಿಡಬೇಡಿ ಅಂದ್ರು. ನನ್ನ ಮೂರನೇ ಕ್ಲಾಸು ಯಾರ ಪಾಲಾಯ್ತೋ!”

ಎಳೆಯವಳು ಚಪ್ಪಲಿ ನೋಡಿಕೊಂಡಳು.

“ನನಗೆ ಕೊಟ್ಟಿದಾರೆ, ಮೇಡಂ.”

“ನಿಂಗಾ? ನಿಂಗೆ ಅಕ್ಷರ ತಿದ್ದಿಸಿದವಳು ನಾನು ಕಣೇ! ಹೇಗೆ ಪಾಸಾದೆ?”

“ತುಟಿ ಪಿಟಕ್ ಅನ್ನದೆ ಬರೆದೆ.”

“ಬಾಯಿಬಿಟ್ಟು ಓದು, ಬಾಯಿಬಿಟ್ಟು ಓದು ಅಂತ ಬಡ್ಕೊಂಡಿದ್ದೆ. ನಿಂಗೆ ಅಂಟಲಿಲ್ಲ ನೋಡು, ಬಚಾವಾದೆ.”

ಬಸ್ಸು ಬಂತು.

“ಮಾರುಕಟ್ಟೆ, ಆಸ್ಪತ್ರೆ, ಹಳೇ ಸೇತುವೆ!”

ಸತ್ತವರೂ ಎದ್ದು ಹಾಜರಿ ಹೇಳಬೇಕು, ಅಂಥ ಗಂಟಲಲ್ಲಿ ಹಿರಿಯ ಟೀಚರು ಬೋರ್ಡು ಓದಿದರು. ಮರುಕ್ಷಣವೇ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹತ್ತಿದರು. ಎಳೆಯವಳು ಮುಂದಿನ ಬಸ್ಸಿಗೆಂದು ಹಿಂದೆ ಸರಿದಳು.